ಒಂದು ಯೂನಿಟ್ ರಕ್ತದ ಲೆಕ್ಕ

ಊರಿಂದ ಫೈಲು ಹಿಡಿದು ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಬರುವವರನ್ನು ಸುದ್ದಗುಂಟೆಪಾಳ್ಯದ ಸುತ್ತಮುತ್ತ ನಾವು ದಿನಾ ನೋಡುತ್ತೇವೆ. ಮಾಜಿ ಸೈನಿಕರೂ ಇರುತ್ತಾರೆ. ಸರ್ಕಾರ ಕೊಟ್ಟ ಚಿಕಿತ್ಸೆಯಿಂದಲೇ ಕೇಡಾದರೆ ಇವರು ಯಾರನ್ನು ಕೇಳಬೇಕು? ಪ್ರಶ್ನೆ ಹಳೆಯದು.

ಅಮೆರಿಕದಲ್ಲಿ ಸೇನೆಯ ಡಾಕ್ಟರು ಒಬ್ಬ ಸೈನಿಕನ ಹೊಟ್ಟೆಯೊಳಗೆ ಟವೆಲ್ ಬಿಟ್ಟು ಹೊಲಿಗೆ ಹಾಕಿದ್ದರು. ಟವೆಲ್ ಮೇಲೆ ಸೇನೆಯ ವೈದ್ಯಕೀಯ ವಿಭಾಗದ ಹೆಸರೇ ಇತ್ತು. ಆದರೂ ಸೇವೆಯಲ್ಲಿದ್ದವರು ಇಂಥದ್ದಕ್ಕೆ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಅರ್ಜಿ ಹಾಕಿ ಪರಿಹಾರ ಕೇಳುವ ದಾರಿ ತೆರೆದದ್ದು 2019ರ ಕೊನೆಗೆ.

ನಮ್ಮ ದೇಶದಲ್ಲೂ ಒಂದು ಟವೆಲ್ ಕಥೆ ಇದೆ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ಆಪರೇಷನ್ ಮಾಡಿಸಿಕೊಂಡ ಬಾಣಂತಿ, ಹೊಟ್ಟೆಯಲ್ಲೇ ಉಳಿದ ಟವೆಲ್‌ನಿಂದ ತೀರಿಕೊಂಡರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಮೂವತ್ತಮೂರು ವರ್ಷ!

ಇನ್ನು ಸೈನಿಕರ ವಿಷಯ. 2002ರ ಜುಲೈ 10. ಗಡಿಯಲ್ಲಿ ಆಪರೇಷನ್ ಪರಾಕ್ರಮ್ ನಡೆಯುತ್ತಿತ್ತು. ಕಾಯಿಲೆ ಬಿದ್ದ ವಾಯುಪಡೆಯ ಕಾರ್ಪೊರಲ್ ಒಬ್ಬರಿಗೆ ಜಮ್ಮುವಿನ ಸಾಂಬಾದ ಸೇನಾ ಆಸ್ಪತ್ರೆಯಲ್ಲಿ ಒಂದು ಯೂನಿಟ್ ರಕ್ತ ಹಾಕಿದರು. 2014ರಲ್ಲಿ ಮತ್ತೆ ಹುಷಾರು ತಪ್ಪಿದಾಗ ಪರೀಕ್ಷೆ ಮಾಡಿದರೆ ಎಚ್‌ಐವಿ. ಅದು ಬಂದದ್ದು ಆ ರಕ್ತದಿಂದಲೇ ಎಂದು ಸೇನೆಯ ವೈದ್ಯಕೀಯ ಮಂಡಳಿಯೇ ಬರೆದುಕೊಟ್ಟಿತು. 2016ರಲ್ಲಿ ಅವರನ್ನು ಸೇವೆಯಿಂದ ಕಳಿಸಿದರು.

ಮಂಡಳಿಯ ಆ ಕಾಗದ ಕೈಯಲ್ಲಿದ್ದರೂ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ ದೂರು ತಳ್ಳಿಹಾಕಿತು. ಡಾಕ್ಟರ ನಿರ್ಲಕ್ಷ್ಯವನ್ನು ತಜ್ಞರಿಂದ ಸಾಬೀತು ಮಾಡಿಸಿಲ್ಲ ಎಂಬ ಕಾರಣಕ್ಕೆ. ಹಾಸಿಗೆಯಲ್ಲಿ ಮಲಗಿದ್ದವನು ಬಾಟಲಿಯನ್ನು ಪರೀಕ್ಷೆ ಮಾಡಿದ್ದರೋ ಇಲ್ಲವೋ ಎಂದು ಹೇಗೆ ಸಾಬೀತು ಮಾಡಬೇಕು? ದಾಖಲೆಯೆಲ್ಲ ಆಸ್ಪತ್ರೆಯ ಬೀರುವಿನಲ್ಲಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಮಂಡಳಿ ನಿಯಮವೂ 2002ರದ್ದೇ. ಇದನ್ನು ಓದುಗರು ನೆನಪಿಟ್ಟುಕೊಳ್ಳಿ, ಊರಿನ ಆಸ್ಪತ್ರೆಯಲ್ಲೂ ಕೇಳಬಹುದು.

2023ರ ಸೆಪ್ಟೆಂಬರ್ 26ರಂದು ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್ ಮತ್ತು ದೀಪಂಕರ್ ದತ್ತ ಅವರ ಪೀಠ ಈ ಲೆಕ್ಕವನ್ನು ತಿರುಗಿಸಿತು. ತಪ್ಪು ಎದುರಿಗೇ ಕಾಣುವಾಗ, ಎಚ್ಚರ ವಹಿಸಿದ್ದೆವು ಎಂದು ತೋರಿಸಬೇಕಾದದ್ದು ಆಸ್ಪತ್ರೆಯೇ ಎಂದಿತು. ಭೂಸೇನೆ, ವಾಯುಪಡೆ ಎರಡೂ ಹೊಣೆ. ಸಂಪಾದನೆ ಹೋದದ್ದಕ್ಕೆ 86.73 ಲಕ್ಷ, ಪಟ್ಟ ನೋವಿಗೆ 50 ಲಕ್ಷ, ಮುಂದಿನ ಆರೈಕೆಗೆ 18 ಲಕ್ಷ. ಒಟ್ಟು 1 ಕೋಟಿ 54 ಲಕ್ಷದ 73 ಸಾವಿರ ರೂಪಾಯಿ. ಆರು ವಾರದೊಳಗೆ ಕೊಡಿ ಎಂದು ಆದೇಶವಾದಾಗ, ರಕ್ತ ಹಾಕಿ ಇಪ್ಪತ್ತೊಂದು ವರ್ಷ ಕಳೆದಿತ್ತು.