ಜೀತವಿಮುಕ್ತಿಯೂ ಪರಿಹಾರದ ಪ್ರಶ್ನೆಯೂ

ದಾಸ್ಯವು ರದ್ದಾದೊಡನೆ ಅದರ ಋಣವೂ ತೀರುವುದೇ? 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಪಡಿಸಿ ಎರಡು ಕೋಟಿ ಪೌಂಡು ಪರಿಹಾರವನ್ನು ಗೊತ್ತುಮಾಡಿತು. ಅದು ಸಂದದ್ದು ಒಡೆಯರಿಗೆ, ದಾಸರಿಗಲ್ಲ. ಅಮೆರಿಕದಲ್ಲಿ 1865ರ ಜನವರಿಯಲ್ಲಿ ಸೇನಾಪತಿ ಶರ್ಮನ್ನನು ವಿಮುಕ್ತ ಕುಟುಂಬಗಳಿಗೆ 40 ಎಕರೆಯವರೆಗೆ ಭೂಮಿಯನ್ನು ಗೊತ್ತುಪಡಿಸಿದನು. ಅದೇ ವರ್ಷ ಅಧ್ಯಕ್ಷ ಜಾನ್ಸನ್ನನು ಅದನ್ನು ಹಿಂದಿನ ಒಡೆಯರಿಗೆ ಮರಳಿಸಲು ಆಜ್ಞಾಪಿಸಿದನು. ಅಲ್ಲಿ ಇಂದಿಗೂ ನಡೆದಿರುವ ಪರಿಹಾರದ ವಾದಕ್ಕೆ ಈ ವಚನಭಂಗವೂ ಒಂದು ಮೂಲ.

ನಮ್ಮಲ್ಲಿ ಇದಕ್ಕೆ ಸಮೀಪವಾದುದು ಜೀತಪದ್ಧತಿ. ಎರಡೂ ಒಂದೇ ಅಲ್ಲ: ಅಲ್ಲಿ ಮನುಷ್ಯನೇ ಸ್ವತ್ತು, ಇಲ್ಲಿ ಅವನನ್ನು ಕಟ್ಟಿಹಾಕಿದುದು ಸಾಲ. 1975ರ ಅಕ್ಟೋಬರಿನ ಸುಗ್ರೀವಾಜ್ಞೆಯೂ 1976ರ ಕಾಯಿದೆಯೂ ಆ ಸಾಲವನ್ನು ಅಳಿಸಿದವು. ಆದರೆ ಜೀತಗಾರನಿಗೆ ಸಲ್ಲದೆ ಉಳಿದ ಕೂಲಿಯನ್ನು ಲೆಕ್ಕಹಾಕಲಿಲ್ಲ. 1978ರ ಯೋಜನೆಯು ತಲಾ 4,000 ರೂಪಾಯಿಗಳನ್ನು ಗೊತ್ತುಮಾಡಿತು. ಅದರ ಹೆಸರು ಪುನರ್ವಸತಿ, ಬಾಕಿಯ ಸಂದಾಯವಲ್ಲ. ಪರಿಶಿಷ್ಟರಿಗೆ ಮಂಜೂರಾಗಿ ಪರಭಾರೆಯಾದ ಜಮೀನನ್ನು ಮರಳಿಸುವ ಕರ್ನಾಟಕದ 1978ರ ಕಾಯಿದೆಯೇ ನ್ಯಾಯವಾದ ಮರುಪಾವತಿಗೆ ಹೆಚ್ಚು ಹತ್ತಿರವಾದುದು.

ಇಂದಿನವರು ಹಿಂದಿನವರ ತಪ್ಪಿಗೆ ಹೊಣೆಯೇ ಎಂಬ ಆಕ್ಷೇಪಣೆಯುಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರು ಇದಕ್ಕೆ ಉತ್ತರವನ್ನು ತಮ್ಮ ಅನುಭವದಲ್ಲೇ ಕಾಣಬಹುದು. ಸಸಿಯು ಫಲಕ್ಕೆ ಬರಲು ಹಲವು ವರ್ಷ ಬೇಕು; ಬಂದ ಮೇಲೆ ಮೊಮ್ಮಕ್ಕಳ ಕಾಲಕ್ಕೂ ಕಾಯಿ ಬಿಡುತ್ತದೆ. ನೀರೆರೆದವನ ದುಡಿಮೆ ಆ ಮರದಲ್ಲಿಯೇ ಉಳಿದಿರುತ್ತದೆ. ತಪ್ಪು ಪಿತ್ರಾರ್ಜಿತವಲ್ಲ, ನಿಜ, ತೋಟವು ಪಿತ್ರಾರ್ಜಿತ. ಫಲವನ್ನು ಅನುಭವಿಸುವವರು ಋಣದ ಲೆಕ್ಕವನ್ನು ಕೇಳಲು ಒಪ್ಪಬೇಕಾದುದು ನ್ಯಾಯ.