ಕಿಟೆಲರ ದೈವಶಾಸ್ತ್ರ

ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ 1851ರಲ್ಲಿ ಬಾಸೆಲ್ ಮಿಶನ್ ಕೇಂದ್ರವೊಂದನ್ನು ತೆರೆಯಿತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತ್ತು. ಅದರ ಪಾದ್ರಿಗಳಲ್ಲಿ ಹಲವರು ಲೂಥರನ್ ಪಂಥದವರು, ಎಂದರೆ ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಬೋಧಿಸಿದಂತೆ, ಮನುಷ್ಯನಿಗೆ ಮುಕ್ತಿ ದೊರೆಯುವುದು ಅವನ ಪುಣ್ಯಕಾರ್ಯಗಳಿಂದಲ್ಲ, ವಿಶ್ವಾಸದಿಂದ ಸ್ವೀಕರಿಸಿದ ದೇವರ ಕೃಪೆಯಿಂದ ಎಂದು ನಂಬಿದವರು. ಶಾಸ್ತ್ರಗ್ರಂಥ ಜನರ ಆಡುನುಡಿಯಲ್ಲಿರಬೇಕೆಂಬ ಲೂಥರನ ಹಟವೂ ಅವರ ಜೊತೆಗೆ ಬಂದಿತು.

ಈ ಬಳಗಕ್ಕೆ 1853ರಲ್ಲಿ ಬಂದು ಸೇರಿದ ಫರ್ಡಿನಾಂಡ್ ಕಿಟೆಲ್ (1832–1903) ಉತ್ತರ ಜರ್ಮನಿಯ ಲೂಥರನ್ ಪಾದ್ರಿಯೊಬ್ಬರ ಮಗ. ಕನ್ನಡಿಗರು ಅವರನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಬೃಹತ್ ನಿಘಂಟಿನಿಂದ ಮಾತ್ರ ಬಲ್ಲರು. ಆದರೆ ಆ ವಿದ್ವತ್ತಿನ ಬೇರು ಇರುವುದು ಅವರ ದೈವಶಾಸ್ತ್ರದಲ್ಲಿ, ಅಂದರೆ ದೇವರ ಸ್ವರೂಪವನ್ನೂ ಮನುಷ್ಯನೊಡನೆ ಆತನ ಸಂಬಂಧವನ್ನೂ ಕುರಿತ ಚಿಂತನೆಯಲ್ಲಿ. ಆದಿ ಕ್ರೈಸ್ತ ಪ್ರಚಾರಕ ಪೌಲನ ಮಾರ್ಗವನ್ನು ಅನುಸರಿಸಿ, ಸುವಾರ್ತೆ ಸಾರುವವನು ಕೇಳುವವರ ಜೀವನದೊಳಗೇ ಬಾಳಬೇಕೆಂದು ಅವರು ನಂಬಿದ್ದರು. ಈ ನಿಲುವು ಮಿಶನ್ನಿನ ಹಿರಿಯರೊಡನೆ ಅವರಿಗೆ ಭಿನ್ನಾಭಿಪ್ರಾಯವನ್ನೂ ತಂದಿತು. ಯೇಸುವಿನ ಚರಿತ್ರೆಯನ್ನು ಭಾರತೀಯ ಛಂದೋರೀತಿಯಲ್ಲಿ ಹೇಳುವ ‘ಕಥಾಮಾಲೆ’ (1862) ಆ ನಂಬಿಕೆಯ ಫಲ.

ಅವರ ಚಿಂತನೆ ಇನ್ನೂ ಆಳಕ್ಕಿಳಿಯುವುದು 1872ರಲ್ಲಿ ಬಂದ, ಯಜ್ಞವನ್ನು ಕುರಿತ ಕೃತಿಯಲ್ಲಿ. ಕ್ರಿಸ್ತನ ಮರಣ ಒಮ್ಮೆಗೇ ಸಂದ ಪೂರ್ಣಬಲಿ ಎಂಬ ತಮ್ಮ ಪಂಥದ ತಿರುಳನ್ನು ಹಿಡಿದು, ವೇದಕಾಲದ ಬಲಿಯ ಕಲ್ಪನೆಯನ್ನು ಅವರು ಅದರ ಎದುರಿಗಿಟ್ಟು ನೋಡುತ್ತಾರೆ. ವೈದಿಕ ಪರಂಪರೆ ಕ್ರಿಸ್ತನಲ್ಲಿಯೇ ಪೂರ್ಣಗೊಳ್ಳುವುದೆಂಬ ಇಂಥ ವಾದವನ್ನು ಆ ಪರಂಪರೆಯವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೂ ತಾನು ಎದುರಿಸುವ ಧರ್ಮವನ್ನು ಅದರ ಮೂಲಗ್ರಂಥಗಳಿಂದಲೇ ತಿಳಿಯಬೇಕೆಂಬ ಕಿಟೆಲರ ನಿಷ್ಠೆ ಅಂದಿನ ಮತಪ್ರಚಾರಕರಲ್ಲಿ ಸುಲಭವಾಗಿ ಕಾಣುವಂಥದಲ್ಲ. ಅದೇ ವರ್ಷ ಹಳಗನ್ನಡ ವ್ಯಾಕರಣವಾದ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಅವರು ಸಂಪಾದಿಸಿದ್ದು ಈ ನಿಷ್ಠೆಯ ಮುಂದುವರಿಕೆಯೇ ಆಗಿತ್ತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿದ್ದು ನಿಘಂಟುಕಾರ ಕಿಟೆಲರಿಗೆ. ದೈವಶಾಸ್ತ್ರಜ್ಞ ಕಿಟೆಲರನ್ನು ಕನ್ನಡದ ವಿದ್ವಾಂಸರು ಇನ್ನಾದರೂ ಓದಬೇಕು.