ಹೀಲಿಯಂ ಕಲಿಸಿದ ಮಿತವ್ಯಯ

ನಿಸರ್ಗವನ್ನು ಅರಿಯಲು ಪ್ರಯೋಗಾಲಯ ಬೇಕು. ಆದರೆ ಆ ಅರಿವಿಗಾಗಿ ನಿಸರ್ಗದಿಂದ ನಾವು ಪಡೆಯುವುದೆಷ್ಟು, ಪೋಲು ಮಾಡುವುದೆಷ್ಟು? ಹೀಲಿಯಂನ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

1868ರ ಆಗಸ್ಟ್ 18ರಂದು ಗುಂಟೂರು ಮುಂತಾದೆಡೆ ಪೂರ್ಣ ಸೂರ್ಯಗ್ರಹಣ ಗೋಚರಿಸಿತು. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ವೀಕ್ಷಕರು ಉಜ್ವಲ ರೇಖೆಗಳನ್ನು ಕಂಡರು. ಅವುಗಳಲ್ಲಿದ್ದ ಹಳದಿ ರೇಖೆ ಸೋಡಿಯಂನದಲ್ಲವೆಂದು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಅದೇ ವರ್ಷ ಗುರುತಿಸಿದರು. ಭೂಮಿಯಲ್ಲಿ ಹೀಲಿಯಂ ದೊರೆತದ್ದು 1895ರಲ್ಲಿ. ವಿಲಿಯಂ ರಾಮ್ಸೆ ಅದನ್ನು ಯುರೇನಿಯಂ ಖನಿಜವೊಂದರಲ್ಲಿ ಪತ್ತೆಹಚ್ಚಿದರು. ಇದು ಆಕಸ್ಮಿಕವಲ್ಲ. ಯುರೇನಿಯಂ, ಥೋರಿಯಂಗಳು ಕ್ಷಯಿಸುವಾಗ ಹೊಮ್ಮುವ ಆಲ್ಫಾ ಕಣವೇ ಹೀಲಿಯಂ ಬೀಜ. ಕೋಟ್ಯಂತರ ವರ್ಷಗಳಲ್ಲಿ ಹೀಗೆ ಹುಟ್ಟಿದ ಅನಿಲ ನೆಲದಡಿಯಲ್ಲಿ ಅಲ್ಲಲ್ಲಿ ಶೇಖರವಾಗಿದೆ.

ಹಾಲೆಂಡಿನ ಲೈಡನ್‌ನಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅವರಿಗೆ ಈ ಅನಿಲ ಸುಲಭವಾಗಿ ಸಿಗಲಿಲ್ಲ. ಮೊನಜೈಟ್ ಮರಳನ್ನು ಕಾಯಿಸಿ, ಹೊರಬಂದ ಅನಿಲವನ್ನು ಶುದ್ಧೀಕರಿಸಿ, ತಿಂಗಳುಗಟ್ಟಲೆ ದುಡಿದು ಅವರ ತಂಡ ಸುಮಾರು 200 ಲೀಟರ್ ಕೂಡಿಟ್ಟಿತು. 1908ರ ಜುಲೈ 10ರಂದು ಅದರಿಂದ ದೊರೆತ ದ್ರವ ಸುಮಾರು 60 ಮಿಲಿಲೀಟರ್ ಮಾತ್ರ! ಅನಿಲವು ಮುಚ್ಚಿದ ಮಂಡಲದಲ್ಲೇ ಮತ್ತೆ ಮತ್ತೆ ಸುತ್ತುವಂತೆ ಅವರು ಉಪಕರಣವನ್ನು ರೂಪಿಸಿದ್ದರು. ಮಿತವ್ಯಯ ಅಲ್ಲಿ ವಿನ್ಯಾಸದ ಭಾಗವಾಗಿತ್ತು. 1911ರಲ್ಲಿ ಅದೇ ಪ್ರಯೋಗಾಲಯದಲ್ಲಿ ಪಾದರಸದ ಅತಿವಾಹಕತೆ ಬೆಳಕಿಗೆ ಬಂದಿತು.

ಅಷ್ಟರಲ್ಲಿ ಅಮೆರಿಕದ ನೈಸರ್ಗಿಕ ಅನಿಲದಲ್ಲಿ ಹೀಲಿಯಂ ಇರುವುದು ತಿಳಿದಿತ್ತು. ವಾಯುನೌಕೆಗಳಿಗಾಗಿ ಅಲ್ಲಿನ ಸರ್ಕಾರ 1925ರಲ್ಲಿ ಹೀಲಿಯಂ ಸಂಗ್ರಹವನ್ನು ಆರಂಭಿಸಿತು. 1940ರ ದಶಕದಲ್ಲಿ ಸ್ಯಾಮ್ಯುಯಲ್ ಕಾಲಿನ್ಸ್ ಅವರ ದ್ರವೀಕರಣ ಯಂತ್ರ ಬಂದ ಮೇಲೆ ದ್ರವ ಹೀಲಿಯಂ ಅನೇಕ ಪ್ರಯೋಗಾಲಯಗಳನ್ನು ತಲಪಿತು. ಸುಲಭವಾಗಿ ಸಿಕ್ಕಿದ್ದರಿಂದ ಬಹಳ ಕಡೆ ಆವಿಯಾದ ಅನಿಲವನ್ನು ಗಾಳಿಗೆ ಬಿಟ್ಟರು. 1996ರ ಕಾನೂನೊಂದು ಅಮೆರಿಕದ ಸಂಗ್ರಹವನ್ನು ಮಾರಲು ಆದೇಶಿಸಿ, ಸಾಲ ತೀರಿಸುವ ಮೊತ್ತದ ಮೇಲೆ ಬೆಲೆ ಕಟ್ಟಿತು. ವಸ್ತುವಿನ ವಿರಳತೆ ಆ ಬೆಲೆಯಲ್ಲಿ ಕಾಣಲಿಲ್ಲ. 2017ರಲ್ಲಿ ಪ್ರಮುಖ ಉತ್ಪಾದಕ ದೇಶವಾದ ಕತಾರ್‌ನ ಸ್ಥಾವರಗಳು ಕೆಲಕಾಲ ನಿಂತಾಗ ಜಗತ್ತಿನ ಪೂರೈಕೆಯೇ ಏರುಪೇರಾಯಿತು. 2024ರಲ್ಲಿ ಅಮೆರಿಕದ ಸಂಗ್ರಹ ಖಾಸಗಿ ಕಂಪನಿಯ ಪಾಲಾಯಿತು.

ಹೀಲಿಯಂ ವಿಷವಲ್ಲ, ಭೂಮಿಯನ್ನು ಬಿಸಿ ಮಾಡುವ ಅನಿಲವೂ ಅಲ್ಲ. ಹಾಗಾದರೆ ನಷ್ಟವೇನು? ವಾತಾವರಣದಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 5 ಮಾತ್ರ. ಅಲ್ಲಿ ಸೇರಿದ್ದನ್ನು ಮರಳಿ ಪಡೆಯುವುದು ಬಲು ದುಬಾರಿ. ಹಗುರ ಪರಮಾಣುವಾದ್ದರಿಂದ ಅದು ನಿಧಾನವಾಗಿ ಅಂತರಿಕ್ಷಕ್ಕೂ ಸೋರಿಹೋಗುತ್ತದೆ.

ಈಗ ಒಂದು ಲೆಕ್ಕ ಮಾಡಿ ನೋಡಿ. 1 ಲೀಟರ್ ದ್ರವ ಹೀಲಿಯಂ ಆವಿಯಾಗಲು ಸುಮಾರು 2,600 ಜೌಲ್ ಸಾಕು. ಎಂದರೆ, 4.2 ಕೆಲ್ವಿನ್‌ನಲ್ಲಿರುವ ಪಾತ್ರೆಯೊಳಕ್ಕೆ ಕೇವಲ 1 ವಾಟ್ ಉಷ್ಣ ನುಸುಳಿದರೂ ಗಂಟೆಗೆ ಸುಮಾರು 1.4 ಲೀಟರ್ ದ್ರವ ಮಾಯ! ಅದು ಕೋಣೆಯ ಉಷ್ಣತೆಯಲ್ಲಿ ಸಾವಿರ ಲೀಟರ್ ಅನಿಲವಾಗುತ್ತದೆ. ಆ ಅನಿಲವನ್ನು ಚೀಲದಲ್ಲಿ ಹಿಡಿದು, ಒತ್ತಿ, ಶುದ್ಧೀಕರಿಸಿ ಮತ್ತೆ ದ್ರವವಾಗಿಸಬಹುದು. ಅಗತ್ಯವಾದ ಹೀಲಿಯಂಗೆ ಆಮದನ್ನೇ ನೆಚ್ಚಿರುವ ನಮ್ಮ ದೇಶದಲ್ಲಂತೂ ಇದು ಅನಿವಾರ್ಯ.

ದ್ರವವನ್ನು ತುಂಬಿಸಬೇಕಿಲ್ಲದ, ಮುಚ್ಚಿದ ಚಕ್ರದ ಶೈತ್ಯಯಂತ್ರಗಳೂ ಇಂದು ಬಳಕೆಯಲ್ಲಿವೆ. ಆದರೆ 4.2 ಕೆಲ್ವಿನ್‌ನಿಂದ 1 ವಾಟ್ ಉಷ್ಣ ತೆಗೆಯಲು ಕಾರ್ನೋ ನಿಯಮದ ಪ್ರಕಾರವೇ ಕನಿಷ್ಠ 70 ವಾಟ್ ಬೇಕು. ಈ ಚಿಕ್ಕ ಯಂತ್ರಗಳಿಗೆ ಹಲವು ಸಾವಿರ ವಾಟ್ ಬೇಕಾಗುತ್ತದೆ. ಹೀಲಿಯಂ ಉಳಿಯಿತು, ವಿದ್ಯುತ್ ವ್ಯಯವಾಯಿತು. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಪರಿಸರದ ಹೊರೆ ಬೇರೊಂದು ಕಡೆಗೆ ಸರಿಯಿತು, ಅಷ್ಟೆ. ಆದ್ದರಿಂದ ಮೊದಲ ಕೆಲಸ ಉಷ್ಣ ನುಸುಳದಂತೆ ತಡೆಯುವುದು. ಮರುಬಳಕೆ ಅದರ ನಂತರದ್ದು.

ಶಿಕ್ಷಕರೇ, ನಿಮ್ಮ ಶಾಲಾ ಪ್ರಯೋಗಾಲಯದಲ್ಲಿ ದ್ರವ ಹೀಲಿಯಂ ಇಲ್ಲದಿರಬಹುದು. ಆದರೆ ನೀರು, ವಿದ್ಯುತ್, ಆಮ್ಲಗಳು ಇವೆ. ಮುಂದಿನ ಪ್ರಯೋಗದ ವರದಿಯಲ್ಲಿ ವಿದ್ಯಾರ್ಥಿಗಳು ಫಲಿತಾಂಶದ ಜೊತೆಗೆ ಬಳಸಿದ್ದೆಷ್ಟು, ಚೆಲ್ಲಿದ್ದೆಷ್ಟು ಎಂಬುದನ್ನೂ ಬರೆಯಲಿ. ಲೈಡನ್‌ನಲ್ಲಿ ಕೊರತೆ ಕಲಿಸಿದ್ದನ್ನು ನಾವು ಅಭ್ಯಾಸದಿಂದ ಕಲಿಯಬಹುದಲ್ಲವೆ?